ಎದುರಾಳಿ ಬಾರದ ಭಾನುವಾರ

ಹಂದಿಯ ಮೂತ್ರಕೋಶ ಊದಿ, ಮೇಲೆ ತೊಗಲು ಬಿಗಿದು
ಚೆಂಡು ಮಾಡಿಕೊಟ್ಟವನು ಬೂಟು ಹೊಲಿಯುವ ಫೀಲಿಮ್.
ನೆಂದರೆ ಕಲ್ಲು, ಒಣಗಿದರೆ ಬಾತುಕೋಳಿ ಮೊಟ್ಟೆ.
ಹೇಗಿದೆಯೋ ಹಾಗೆ ಒದೆಯಿರಿ, ಅಂದಿದ್ದ.

ಗೇಲಿಕ್ ಚಾಂಪಿಯನ್‌ಶಿಪ್ಪಿಗೆ ಅದು ಎರಡನೇ ವರ್ಷ.
ಒಮ್ಮೆ ಸೋತರೆ ಮನೆಗೆ, ಇನ್ನೊಂದು ಮಾತಿಲ್ಲ.
ಇಪ್ಪತ್ತೊಂದು ಜನ, ಏಳು ಮೈಲಿ, ಬರಿಗಾಲು;
ಸವೆಯಬಾರದೆಂದು ಬೂಟು ಕೊರಳಲ್ಲಿ.
ಪಾದ್ರಿಯ ಹುಲ್ಲುಗಾವಲಿನಿಂದ ಹಸುಗಳನ್ನು ಅಟ್ಟಿದೆವು.
ಸಗಣಿಯನ್ನು ಯಾರೂ ಲೆಕ್ಕಕ್ಕಿಡಲಿಲ್ಲ.

ಎರಡು ಗಂಟೆ. ಎರಡೂವರೆ.
ಕಿಲ್‌ನಬ್ರಾಕ್‌ನವರು ಬರಲಿಲ್ಲ.
ಹೆದರಿದರು, ಅಂದ ಬಾರ್ಟ್ಲಿ.
ರೈಲು ತಪ್ಪಿರಬೇಕು, ಅಂದರು ಯಾರೋ.
ಆ ಊರಿಗೆ ರೈಲೇ ಇಲ್ಲ.

ಮೂರಕ್ಕೆ ರೆಫರಿ ಗಡಿಯಾರದ ಮುಚ್ಚಳ ಹಾಕಿದ:
ಒಂದು ಗೋಲು ಹೊಡೆಯಿರಿ, ಗೆದ್ದಿರಿ.
ಎಲ್ಲರಿಗಿಂತ ಕಿರಿಯ ಥೇಡಿ ಓಡಿದ.
ಕಾಯುವವರಿಲ್ಲದ ಕಂಬಗಳ ನಡುವೆ ಚೆಂಡು
ಮೆಲ್ಲಗೆ ಉರುಳಿ ಮುಳ್ಳುಬೇಲಿಗೆ ಒರಗಿತು.
ಯಾರೂ ಕೂಗಲಿಲ್ಲ.
ರೆಫರಿ ಪೆನ್ಸಿಲ್ ನೆಕ್ಕಿ ಬರೆದುಕೊಂಡ.

ಹಿಂದಿರುಗುವಾಗ ಬೆಣ್ಣೆ ಗಾಡಿಯವಳು ನಿಲ್ಲಿಸಿದಳು:
ಕಿಲ್‌ನಬ್ರಾಕ್‌ನ ಹುಡುಗರಾ? ನಿನ್ನೆ ರಾತ್ರಿಯಿಂದ
ಹನೋರಾ ಕ್ವಿರ್ಕ್‌ಳ ಬಾಗಿಲಿಗೆ ಅಡ್ಡ ನಿಂತಿದ್ದಾರೆ, ಇಪ್ಪತ್ತೊಂದೂ ಜನ.
ಗೇಣಿ ಬಾಕಿ. ನಾಳೆ ಬೆಳಕು ಹರಿದರೆ ಜಮೀನ್ದಾರನ ಜನ, ಪೊಲೀಸರು,
ಬಾಗಿಲು ಒಡೆಯುವ ತೊಲೆ.

ನಮ್ಮಲ್ಲಿ ಹತ್ತು ಜನ ಆ ಕಡೆ ತಿರುಗಿದೆವು.
ಉಳಿದವರಿಗೆ ಬೆಳಿಗ್ಗೆ ಹಾಲು ಕರೆಯುವುದಿತ್ತು,
ಇಲ್ಲವೆ ಅದೇ ಜಮೀನ್ದಾರ ಅವರಿಗೂ.

ಚೆಂಡು ತಗೊಳ್ಳಲೇ? ಕೇಳಿದ ಥೇಡಿ, ನೆಲ ನೋಡುತ್ತ.
ತಗೋ, ಅಂದ ಫೀಲಿಮ್.
ಕಾಯುವ ರಾತ್ರಿ ದೊಡ್ಡದು.