ಎರಡು ಸೀಟಿ

ಹದಿನಾರು ವರ್ಷ ನಾನು ಓಡಿದ್ದು ನಿಂತುಕೊಂಡೇ.
ಓಡುತ್ತಿದ್ದದ್ದು ಬಸ್ಸು.
ಮಡಿಕೇರಿ, ವಿರಾಜಪೇಟೆ, ಮತ್ತೆ ಮಡಿಕೇರಿ,
ಸೊಂಟ ಸೀಟಿನ ಅಂಚಿಗೆ, ಮೊಣಕೈ ಕಂಬಿಗೆ,
ಹೆಬ್ಬೆರಳು ಟಿಕೆಟ್ ಮೆಷೀನಿಗೆ.
ತಿರುವುಗಳೆಲ್ಲ ಪಾದಕ್ಕೆ ಬಾಯಿಪಾಠ.

ಶುರುವಾದದ್ದು ಒಂದು ಸುಳ್ಳು ಸೀಟಿಯಿಂದ.
ಹಾಕತ್ತೂರಿನಲ್ಲಿ ಅಜ್ಜಿಯೊಬ್ಬರ ಕೋಳಿಬುಟ್ಟಿ ಇಳಿಸಿಕೊಡಲು
ಕೆಳಗಿಳಿದಿದ್ದೆ. ಒಳಗೆ ಯಾವನೋ ಸ್ಕೂಲು ಹುಡುಗ
ಎರಡು ಬೆರಳು ಬಾಯಿಗಿಟ್ಟು ಊದಿದ,
ಥೇಟ್ ನನ್ನ ಹಾಗೇ, ಎರಡು ಸಲ.
ಉಸ್ಮಾನಣ್ಣ ಗೇರು ಹಾಕಿದರು.
ಕಂಡಕ್ಟರನ್ನೇ ಬಿಟ್ಟು ಬಸ್ಸು ಹೊರಟಿತು.

ಓಡಿದೆ. ಒಂದು ಕರೆಂಟು ಕಂಬ, ಎರಡು ಕಂಬ,
ಮೂರನೆಯದನ್ನು ಅಪ್ಪಿಕೊಂಡು ನಿಂತೆ.
ಎದೆಯೊಳಗೆ ಯಾರೋ ಜಿಂಕ್ ಶೀಟು ಬಡಿಯುತ್ತಿದ್ದರು.
ಕ್ಯಾಶ್ ಬ್ಯಾಗು ಹೊಟ್ಟೆಗೆ ಗುದ್ದಿ ಕೇಳಿತು:
ನಲವತ್ತಮೂರಕ್ಕೆ ಇಷ್ಟೇನಾ, ದಮಯಂತಿ?
ಹಿಂದೆ ಅಜ್ಜಿ ಬುಟ್ಟಿಯೊಳಗಿನ ಕೋಳಿಗೆ ಹೇಳಿದ್ದು ಕೇಳಿಸಿತು:
'ನೀನೇ ವಾಸಿ.'

ಮರುದಿನ, ಊರು ಏಳುವ ಮುಂಚೆ, ಕಾಲೇಜು ಮೈದಾನ.
ಮಗನ ಹಳೇ ಬೂಟು, ತುದಿಗೆ ಹತ್ತಿ ತುರುಕಿ.
ಎರಡು ಕಂಬ ಓಟ, ನಾಲ್ಕು ಕಂಬ ನಡಿಗೆ.
ಮಂಜಿನಲ್ಲಿ ನನಗೇ ನಾನು ಕಾಣುತ್ತಿರಲಿಲ್ಲ,
ಅದೊಂದು ಅನುಕೂಲ.
ನಾಯಿಯೊಂದು ಮೊದಲ ವಾರ ಬೊಗಳಿತು,
ಎರಡನೇ ವಾರ ಜೊತೆಗೆ ಬಂತು,
ಮೂರನೇ ವಾರ ಬೇಜಾರಾಗಿ ಮಲಗಿತು.
ನನಗೆ ಬೇಜಾರಾಗಲು ಪುರುಸೊತ್ತಿರಲಿಲ್ಲ,
ಆರೂವರೆಗೆ ಡಿಪೋ.

ಮೊಣಕಾಲು ಊದಿದ ವಾರ ಅಲ್ಲಿ ಎಲ್ಲರೂ ನಕ್ಕರು:
'ಮೇಡಂ, ಬಸ್ ಪಾಸ್ ಮಾಡಿಸ್ಕೊಳ್ಳಿ.'
ಮೆಕ್ಯಾನಿಕ್ ಬೋಪಯ್ಯ ಮಾತ್ರ ಎಣ್ಣೆಗೈ ಒರೆಸುತ್ತ,
'ಏರಿನಲ್ಲಿ ಯಾವ ಗೇರು?' ಅಂದ.
'ಟಾಪು.'
'ಇಂಜಿನ್ ಸೀಜ್ ಆಗ್ತದೆ. ಚಿಕ್ಕ ಹೆಜ್ಜೆ ಇಡಿ,
ಫಸ್ಟ್ ಗೇರಿಗೆ ನಾಚಿಕೆ ಯಾಕೆ?'
ನನಗೆ ಸಿಕ್ಕ ಕೋಚಿಂಗು ಅಷ್ಟೇ.

ಮಾರ್ಚಿನ ಭಾನುವಾರ. ಮೂರ್ನಾಡಿನಿಂದ ಮೇಕೇರಿ,
ಹತ್ತು ಕಿಲೋಮೀಟರು. ಎದೆಗೆ ಪಿನ್ನು ಚುಚ್ಚಿದ ನಂಬರು.
ಹೂಮಳೆ ಬಿದ್ದು ಒಂಬತ್ತು ದಿನ,
ಎರಡೂ ಬದಿಗೆ ಕಾಫಿ ಬೆಳ್ಳಗೆ ಅರಳಿ
ಒಳಗೆಳೆದ ಉಸಿರೂ ದಪ್ಪ, ಸಿಹಿ, ಸ್ವಲ್ಪ ತಲೆನೋವು.
ಹಾಕಿ ಆಡುವ ಹುಡುಗಿಯರು ಮೊದಲ ತಿರುವಿನಲ್ಲೇ ಮಾಯ.
ಕಿಲೋಮೀಟರಿನ ಲೆಕ್ಕ ನನಗೆ ಹತ್ತದು, ಸ್ಟೇಜು ಗೊತ್ತು:
ಹಾಕತ್ತೂರು. ಆ ಮೂರನೇ ಕಂಬ. ಮುಟ್ಟದೆ ದಾಟಿದೆ.
ಕಗ್ಗೋಡ್ಲು. ಕೊಯ್ದ ಗದ್ದೆಯಲ್ಲಿ ಒಂಟಿಕಾಲಿನ ಬೆಳ್ಳಕ್ಕಿ,
ಎರಡೂ ಕಾಲು ಸುಮ್ಮನೆ ಖರ್ಚು ಮಾಡುವವಳನ್ನು ನೋಡಿತು.
ಈ ರಸ್ತೆಗೆ ಇಷ್ಟು ಏರು ಇದೆಯೆಂದು
ಹದಿನಾರು ವರ್ಷದಲ್ಲಿ ಬಸ್ಸು ಒಮ್ಮೆಯೂ ಹೇಳಿರಲಿಲ್ಲ.

ಎಂಟು ದಾಟಿರಬೇಕು. ಹಿಂದೆ ಹಾರನ್ನು.
ತಿರುಗಿ ನೋಡಬೇಕಿಲ್ಲ, ನನ್ನದೇ ಬಸ್ಸು.
ಉಸ್ಮಾನಣ್ಣ ಪಕ್ಕಕ್ಕೆ ತಂದು ನಿಧಾನಿಸಿದರು,
ಬಾಗಿಲು ತೆರೆಯಿತು, ಬದಲಿ ಕಂಡಕ್ಟರ್ ಕೈ ಚಾಚಿದ.
ಕಿಟಕಿ ತುಂಬ ನನ್ನ ಪ್ಯಾಸೆಂಜರುಗಳು:
'ಹತ್ತಿ ಅಕ್ಕಾ, ಯಾರೂ ನೋಡ್ತಿಲ್ಲ!'
'ಹೆಂಗಸರಿಗೆ ಫ್ರೀ ಅಲ್ವಾ!'
ಮೆಟ್ಟಿಲು ಒಂದು ಗೇಣು ದೂರ.
ಪಾದ ಹೌದು ಅಂದಿತು. ತೊಡೆ ಹೌದು ಅಂದಿತು.
ಕೈ ಮಾತ್ರ ಯಾರನ್ನೂ ಕೇಳದೆ, ಹಳೇ ಚಾಳಿ,
ಬಸ್ಸಿನ ತಗಡಿಗೆ ಎರಡು ಏಟು ಹಾಕಿತು.
ಉಳಿದಿದ್ದ ಗಾಳಿಯೆಲ್ಲ ಗುಡಿಸಿ ತಂದು ಕೂಗಿದೆ:
'ರೈಟ್! ರೈಟ್!'
ಕಂಡಕ್ಟರನ್ನು ಬಿಟ್ಟು ಬಸ್ಸು ಹೊರಟಿತು.
ಈ ಸಲ ಕಳಿಸಿದ್ದು ನಾನು.

ಮೇಕೇರಿಯಲ್ಲಿ ಕಮಾನು ಬಿಚ್ಚುತ್ತಿದ್ದರು.
ಗಳು ಹೊತ್ತಿದ್ದ ಹುಡುಗ ನನ್ನನ್ನು ಕಂಡು
ಒಂದು ಬದಿಯನ್ನು ಮತ್ತೆ ಎತ್ತಿ ಹಿಡಿದ,
ತಲೆ ಬಗ್ಗಿಸಿಯೇ ನುಗ್ಗಿದೆ.
ನೂರ ಎಂಬತ್ತರಲ್ಲಿ ನೂರ ಎಪ್ಪತ್ತೊಂಬತ್ತನೆಯವಳು.
ಇನ್ನೊಬ್ಬರು ದಾರಿಯಲ್ಲಿ ಚಹಾ ಕುಡಿಯುತ್ತ ಕೂತಿದ್ದರಂತೆ.

ಸೋಮವಾರ ಮೆಟ್ಟಿಲಿಳಿಯಲು ಎರಡೂ ಕಂಬಿ ಬೇಕಾಯಿತು.
ಪದಕ ಕ್ಯಾಶ್ ಬ್ಯಾಗಿನಲ್ಲಿ, ಚಿಲ್ಲರೆಯ ನಡುವೆ.
ಹಾಕತ್ತೂರಿನ ಅಜ್ಜಿಗೆ ಕೋಳಿ ಲಗೇಜಿನ ಬಾಕಿ ಕೊಡಲು
ಕೈ ಹಾಕಿದರೆ ಅದೇ ಬಂತು.
ಅಜ್ಜಿ ಹಿಂದೆ ಮುಂದೆ ತಿರುಗಿಸಿ ನೋಡಿ,
'ಇದು ನಡೆಯುತ್ತಾ?' ಅಂದರು.

'ಓಡುತ್ತೆ' ಅಂದೆ.