ಇಲ್ಲಿಯ ಕರೆಂಟು

ಬೇಸಿಗೆ ಬಂತೆಂದರೆ ನನ್ನಂಗಡಿಗೆ
ಸುಟ್ಟ ವಾಸನೆ ಮೊದಲು, ಆಮೇಲೆ ಗಿರಾಕಿ.
ಕೂದಲೊಣಗಿಸುವ ಯಂತ್ರ, ಇಸ್ತ್ರಿಪೆಟ್ಟಿಗೆ, ಒಮ್ಮೆ
ಮಗುವಿನ ಹಾಲು ಕಾಯಿಸುವ ಬಟ್ಟಲು—
ನೂರಿಪ್ಪತ್ತು ಕುಡಿದು ಬೆಳೆದ ಕೂಸುಗಳು
ಗ್ಯುಮ್ರಿಯ ಗೋಡೆಯಿಂದ ಒಂದೇ ಗುಟುಕಿಗೆ
ಇನ್ನೂರಿಪ್ಪತ್ತು ನುಂಗಿ ಕರಿಕಾಗಿ ಬರುತ್ತವೆ.
"ಪಿನ್ನು ಸರಿಯಾಗಿಯೇ ಕೂತಿತ್ತಲ್ಲ" ಅನ್ನುತ್ತಾರೆ.
ಕೂತಿತ್ತು ತಾಯಿ,
ಬಾಗಿಲು ತೆರೆದ ಮಾತ್ರಕ್ಕೆ ಮನೆ ನಮ್ಮದೇ?

ವೂಸ್ಟರಿನ ತಾಲೀನ್ ಹಾಗಲ್ಲ, ಜಾಣೆ.
ಇಟ್ಟಿಗೆ ಭಾರದ ಟ್ರಾನ್ಸ್‌ಫಾರ್ಮರನ್ನು
ಸ್ವೆಟರಿನಲ್ಲಿ ಸುತ್ತಿ ತಂದಿದ್ದಳು. ಜೊತೆಗೆ
ಅಜ್ಜಿಯ ಹಳೇ ರೆಕಾರ್ಡ್ ಪ್ಲೇಯರು,
ಅಂಗೈಯಗಲದ ಒಂದೇ ಒಂದು ತಟ್ಟೆ.

ನಲವತ್ತೇಳರಲ್ಲಿ ಅಪ್ಪನ ಕೈಹಿಡಿದು
ಕಿರಿಯವಳು ಹಡಗು ಹತ್ತಿ ಈ ಕಡೆ ಬಂದಳು.
ಅವ್ವ, ಅಕ್ಕ ಅಲ್ಲೇ ಉಳಿದರು.
ಯಾವುದೋ ರೈಲು ನಿಲ್ದಾಣದ ಗೂಡಿನಲ್ಲಿ
ನಾಣ್ಯ ಹಾಕಿ, ಒಂದು ನಿಮಿಷ,
ಅಕ್ಕ ತಂಗಿಗೆಂದು ಮಾತಾಡಿದ್ದಳಂತೆ.
ಅಂಚೆಗೆ ಹಾಕಲು ಹೆದರಿ
ಹೊಲಿಗೆ ಡಬ್ಬಿಯ ತಳಕ್ಕೆ ಹಾಕಿದಳು.

ದನಿ ಕೆಟ್ಟಿದೆ ಎಂದು ನನ್ನನ್ನು ಕರೆಸಿದರು.
ಕೆಟ್ಟಿರಲಿಲ್ಲ. ಕಿವಿಗೇ ತಿಳಿಯಿತು.
ಅಲ್ಲಿ ಕರೆಂಟು ಸೆಕೆಂಡಿಗೆ ಅರವತ್ತು ಸಲ ಹೊರಳುತ್ತದೆ,
ಇಲ್ಲಿ ಐವತ್ತು.
ಅದನ್ನು ಯಾವ ಇಟ್ಟಿಗೆಯೂ ಬದಲಿಸದು,
ಮೋಟಾರು ಇಲ್ಲಿಯ ಹೆಜ್ಜೆಗೇ ನಡೆಯುತ್ತದೆ.
ತಾಲೀನ್ ಮುಖ ಸಣ್ಣದಾಯಿತು:
"ನಮ್ಮಜ್ಜಿಯದು ಗುಬ್ಬಿ ದನಿ, ಪಟಪಟ ಮಾತು."
ಇಲ್ಲಿ ಯಾರೋ ದೊಡ್ಡ ಹೆಂಗಸು
ಹಿಟ್ಟು ನಾದುತ್ತ, ನಿಂತು ನಿಂತು,
ಗಂಟಲಿನ ತಳದಿಂದ ಮಾತು ತೆಗೆಯುತ್ತಿದ್ದಳು.

ಕಡ್ಡಿಗೆ ನಾಲ್ಕು ಸುತ್ತು ಟೇಪು ಸುತ್ತಿದರೆ
ವೇಗ ಬಂದೀತು, ಹತ್ತು ನಿಮಿಷದ ಕೆಲಸ ಎಂದೆ.
ಸುರುಳಿಯ ತುದಿ ಉಗುರಿನಿಂದ ಬಿಡಿಸುತ್ತಿದ್ದಾಗ
ವರ್ಸೇನಿಕ್ ಅಜ್ಜಿ, ತೊಂಬತ್ತೊಂದು,
ನನ್ನ ಮಣಿಕಟ್ಟು ಹಿಡಿದಳು.
"ಮುಟ್ಟಬೇಡ. ನಮ್ಮವ್ವ ಮಾತಾಡ್ತಿದ್ದಾಳೆ."

ತಪ್ಪು ಎಂದು ಯಾರು ಹೇಳಬೇಕು?
ತಾಲೀನ್ ನನ್ನ ನೋಡಿದಳು,
ನಾನು ಪ್ಲಗ್ಗನ್ನು ನೋಡಿದೆ.

ಮತ್ತೆ ಹಾಕಿದೆವು. ಮತ್ತೆ.
ತಟ್ಟೆ ಕೇಳುತ್ತಿತ್ತು: ಅಲ್ಲಿ ಚಳಿಯೇ... ಉಣ್ಣುತ್ತೀಯಾ...
ಶೂ ಕಳಿಸುತ್ತೇನೆ, ನಿನ್ನ ಕಾಲಿನ ಅಳತೆ...
ನಿಧಾನವಾದದ್ದಕ್ಕೋ ಏನೋ
ಪ್ರಶ್ನೆ ಪ್ರಶ್ನೆಯ ನಡುವೆ ಜಾಗವಿತ್ತು.

"ಮೂವತ್ತಾರು" ಎಂದಳು ಅಜ್ಜಿ.
ಮುಂದಿನ ಸುತ್ತಿಗೆ, ಊದಿದ ಪಾದ ನೋಡಿಕೊಂಡು,
"ಈಗ ಮೂವತ್ತೆಂಟು."

ಏಳನೆಯ ಸಲಕ್ಕೆ ಟ್ರಾನ್ಸ್‌ಫಾರ್ಮರ್ ಕಾದು
ಸ್ವೆಟರಿನ ಉಣ್ಣೆ ಕಮರುವ ವಾಸನೆ.
ಎದ್ದು ಕಿತ್ತೆ.