ಸೂಜಿ ಮನ್ಯಾಗ ಇಟ್ಟ ಬರ್ರಿ

ಒಟ್ಟು ಹನ್ನೊಂದು ಮಂದಿ.
ಹಳೇ ಹಾಜರಿ ಪುಸ್ತಕದ ಕಡೀ ಹಾಳ್ಯಾಗ ಹೆಸರು ಬರದೀನಿ.
ಮೊದಲು ಹಜರತ್‌ಬಿ, ಯಾಕಂದ್ರ ರೊಕ್ಕ ಮೊದಲು ಕೊಟ್ಟಾಕಿ ಅಕಿ;
ಕಡೀದು ನಂದು, ಯಾಕಂದ್ರ ಪೆನ್ನು ನನ್ನ ಕೈಯಾಗ.

"ಅಷ್ಟು ದೂರ ಯಾಕ? ಬೆಳಗಾವ್ಯಾಗೂ ಒಂದು ಸೌಧ ಐತೆಲ್ಲ,
ಎರಡು ತಾಸಿನ ಹಾದಿ" ಅಂದಳು ಬಸಲಿಂಗವ್ವ.
"ಅದು ವರ್ಷಕ್ಕ ಹತ್ತು ದಿನ ಎಚ್ಚರಿರತೈತಿ.
ನಾವು ಹೋದಾಗ ಮಲಗಿದ್ರ?" ಅಂದೆ.
ಎಲ್ಲಾರೂ ನಕ್ಕರು. ಮಾತು ಅಲ್ಲಿಗೆ ಮುಗೀತು.

ಶನಿವಾರ ರಾತ್ರಿ ಹುಬ್ಬಳ್ಳಿ ಬಿಡೂದು,
ರವಿವಾರ ಮುಂಜಾನೆ ಬೆಂಗಳೂರು, ವಿಧಾನಸೌಧ.
ಬಾಗಿಲದಾಗ ಆಧಾರ ಕಾರ್ಡು ಕೇಳತಾರಂತ,
ಒಂದು ಚೌಕಟ್ಟಿನೊಳಗ ಹಾಯಬೇಕಂತ,
ಲೋಹ ಇದ್ರ ಕೂಗತೈತಂತ.
"ಹಂಗಾರ ನಮ್ಮನ್ನ ಕಂಡ್ರ ಬೊಬ್ಬಿ ಹೊಡೀತೈತಿ"
ಅಂತ ಶಂಕ್ರವ್ವ ಸೆರಗು ಸರಿಸಿ ತೋರಿಸಿದಳು.
ಕುಪ್ಪಸದ ಪಟ್ಟಿಗೆ ಸಾಲಾಗಿ ಮೂರು ಸೂಜಿ,
ಕೇಸರಿ ದಾರದ್ದೊಂದು, ಬಿಳೀದೊಂದು, ಹಸರೊಂದು.
ಬರಕೊಂಡೆ: ಸೂಜಿ ಮನ್ಯಾಗ ಇಟ್ಟ ಬರ್ರಿ.

ಖಡಕ್ ರೊಟ್ಟಿ ಬಸಲಿಂಗವ್ವಂದು. ಶೇಂಗಾ ಚಟ್ನಿ ನಂದು.
ರೋಜಮ್ಮ ಕೇಕು ತರತೀನಿ ಅಂದಳು.
ಬ್ಯಾಡ, ರೈಲಿನಾಗ ಪುಡಿ ಆಗತೈತಿ, ಅಂದ್ರು ಯಾರೋ.
ಅಕಿ ಮಾರಿ ಸಣ್ಣದಾತು.
ತರ್ಲಿ ಬಿಡ್ರಿ, ಪುಡೀನ ತಿಂದ್ರಾತು.

ಅಲ್ಲಿ ಹೋಗಿ ಏನು ನೋಡೂದು?
ಶಂಕ್ರವ್ವಗ ಮೆಟ್ಟಲಾ ಎಣಸೂದೈತಿ.
ಸಣ್ಣಾಕಿ ಇಂದುಮತಿಗೆ ಫೋಟೋ, ಫೋಟೋ, ಮತ್ತ ಫೋಟೋ.
"ನನ್ನ ಪಿಂಚಣಿ ಅರ್ಜಿ ಯಾವ ಖೋಲ್ಯಾಗ ಕುಂತೈತಿ ನೋಡಬೇಕು,"
ಅಂದಳು ಹಜರತ್‌ಬಿ, "ಏಳು ವರ್ಷಾತು,
ಇಷ್ಟೊತ್ತಿಗೆ ಅದಕ್ಕ ಮೊಮ್ಮಕ್ಕಳಾಗಿರಬೇಕು."
ನಿಂದೇನು ಅಂತ ನನ್ನ ಕೇಳಿದ್ರು.
ಎಲ್ಲಾರದೂ ಏನೋ ನಂದೂ ಅದ, ಅಂದೆ.

ನಂದು ಬ್ಯಾರೆ ಐತಿ.

ಹದಿನಾಲ್ಕು ವರ್ಷದ ಹಿಂದ, ಒಂದು ಬುಧವಾರ,
ಜ್ವರದ ಮಗಳನ್ನ ಕಿಮ್ಸ್‌ನಾಗ ಮಲಗಿಸಿ
ಬೆಂಗೇರಿ ಶೆಡ್ಡಿಗೆ ಬಂದು ಮಶೀನಿಗೆ ಕುಂತಿದ್ದೆ.
ದೊಡ್ಡ ಝೇಂಡಾ. ನಾಕು ಮಂದಿ ಹಿಡಿದು ಮಡಚೂವಂಥಾದ್ದು,
ನೆಲಕ್ಕ ತಾಗಬಾರದು ಅಂತ ಉಸರು ಬಿಗಿ ಹಿಡಿಯೂವಂಥಾದ್ದು.
ಬಿಳೀದು ಹಸರಿಗೆ ಕೂಡೂ ಅಂಚಿನಾಗ
ಕಂಬದ ಕಡೆಯಿಂದ ಒಂದು ಗೇಣು ದೂರ
ಹೊಲಗಿ ಸಡಲಾತು.
ಇಷ್ಟು ಉದ್ದಕ್ಕ ಇಷ್ಟು ಹೊಲಗಿ ಅಂತ ಲೆಕ್ಕ ಐತಿ,
ಅಲ್ಲಿ ಎರಡು ಕಡಿಮಿ ಬಿದ್ದುವು.
ಬಿಚ್ಚಬೇಕಿತ್ತು.
ಗಡಿಯಾರ ನೋಡಿದೆ. ಬಿಚ್ಚಲಿಲ್ಲ.
ಪಾಸು ಮಾಡೂ ಸಾಹೇಬ್ರು ಚಸ್ಮಾ ಒರಿಸಿ ನೋಡಿದ್ರು,
ಶಿಕ್ಕಾ ಹೊಡದ್ರು.
ಪೆಟಗಿ ಮ್ಯಾಲ ಬರದಿತ್ತು: ಬೆಂಗಳೂರು.

ಬೆಂಗಳೂರಾಗ ಎಷ್ಟು ಕಂಬ ಅದಾವೋ.
ನನ್ನ ಜೀವಕ್ಕ ಗೊತ್ತಿದ್ದದ್ದು ಒಂದ.

ಗಾಳಿಗೆ, ಮಳಿಗೆ ಯಾವ ಅರಿವಿ ಅಷ್ಟು ವರ್ಷ ತಾಳತೈತಿ?
ಎಂದೋ ಇಳಿಸಿ, ಮಾಡೂ ಮರ್ಯಾದಿ ಮಾಡಿ ಮುಗಿಸಿರತಾರ.
ಗೊತ್ತೈತಿ.
ಗೊತ್ತಿರೂದು ಬ್ಯಾರೆ, ನಿದ್ದಿ ಹತ್ತೂದು ಬ್ಯಾರೆ.
ಟೀವ್ಯಾಗ ಆ ಕಟ್ಟಡ ಬಂದಾಗೆಲ್ಲ
ಮನಿ ಮಂದಿ ಮಂತ್ರಿಗಳ ಮಾರಿ ನೋಡತಾರ,
ನನ್ನ ಕಣ್ಣು ಗುಮ್ಮಟದ ಹತ್ತರ:
ಹಸರಂಚು, ಒಂದು ಗೇಣು.

ಉಣಕಲ್ ಕೆರಿ ದಂಡ್ಯಾಗ ಹಕ್ಕಿ ನೋಡಾಕ ಹೋಗೂ ಹುಡುಗ,
ನಮ್ಮ ಹಿತ್ತಲ ಮನ್ಯಾವ, ಅವನ ಕಡೆ ದುರ್ಬೀನು ಕೇಳಿದೆ.
"ಯಾವ ಹಕ್ಕಿ ನೋಡವ್ರು, ಕಾಕೂ?"
"ಕುಂತಲ್ಲೇ ಹಾರೂದು" ಅಂದೆ.
ಅವಾ ಪುಸ್ತಕ ತಗದು ಹುಡುಕಾಕ ಹತ್ತಿದ.

ನಾಳೆ ರಾತ್ರಿ ರೈಲು.
ಹತ್ತೂ ಮಂದಿಗೆ ಮತ್ತೊಮ್ಮೆ ಹೇಳಿ ಬಂದೀನಿ, ಸೂಜಿ ಮನ್ಯಾಗ ಅಂತ.
ನನ್ನ ಕುಪ್ಪಸದಾಗ ಒಂದು ಉಳದೈತಿ, ಹಸರು ದಾರದ್ದು.
ತಗೀಬೇಕು. ಚೀಲ ತುಂಬಿದ ಮ್ಯಾಲ ತಗದ್ರಾತು.

ಈಗ ರೋಜಮ್ಮನ ಫೋನು:
ಕೇಕಿಗೆ ತತ್ತಿ ಹಾಕಲೋ ಬ್ಯಾಡೋ?
ಬ್ಯಾಡ, ಬಾಳೇಹಣ್ಣು ಹಾಕು, ಅಂದೆ,
ಬಸಲಿಂಗವ್ವನೂ ತಿನ್ನಲಿ.